ಶತ್ರು ವಿಮಾನದ ವಕಾಲತ್ತು

ವೀಳ್ಯದೆಲೆಗೆ ಸುಣ್ಣ ಹಚ್ಚುವ ಮೊದಲು ಅದನ್ನು ತೊಟ್ಟು ಹಿಡಿದು ಮೇಲೆತ್ತಿ, ಒಂದು ಕಣ್ಣು ಮುಚ್ಚಿ ನೋಡುವ ಚಟ ನನಗಿದೆ. ಎಲೆ ಕೊಳೆತಿದೆಯೋ ಎಂದು ನೋಡುತ್ತಿದ್ದೇನೆ ಅಂದುಕೊಳ್ಳುತ್ತಾರೆ, ಮನೆಗೆ ಬಂದವರು. ನನ್ನ ಹೆಂಡತಿಗೆ ಮಾತ್ರ ನಿಜ ಗೊತ್ತು. “ಹಾರ್ಸಿ ಆತಾ? ಇನ್ನಾದ್ರೂ ಬಾಯಿಗೆ ಹಾಕ್ಯಳಿ” ಎನ್ನುತ್ತಾಳೆ. ಅರವತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದಾಳೆ, ಅರವತ್ತು ವರ್ಷದಿಂದ ನಾನು ಕೇಳಿಸದವನಂತೆ ಕೂತಿದ್ದೇನೆ.

ನಾನು ನೋಡುವುದು ಮಿಗ್ ವಿಮಾನವನ್ನು. ತ್ರಿಕೋನ ರೆಕ್ಕೆಯ ವಿಮಾನ ಹೇಗಿರುತ್ತದೆ ಎಂದು ಸಿದ್ದಾಪುರ ಪೇಟೆಯ ವಾಚನಾಲಯದಲ್ಲಿ ಗಣಪಯ್ಯ ಮಾಸ್ತರರು ನಮಗೆ ತೋರಿಸಿಕೊಟ್ಟದ್ದು ವೀಳ್ಯದೆಲೆಯಿಂದ. ಎಲೆಯ ತುದಿ ಮೂಗು, ತೊಟ್ಟು ಬಾಲ, ಎರಡು ಬದಿ ರೆಕ್ಕೆ. ಅಡಕೆ ಕತ್ತರಿಯನ್ನು ಅರ್ಧ ತೆರೆದಿಟ್ಟರೆ ಹಿಂದಕ್ಕೆ ಬಾಗಿದ ರೆಕ್ಕೆಯ ಹಂಟರ್. ಸುಣ್ಣದ ಡಬ್ಬಿ ವಿಮಾನ ನಿಲ್ದಾಣ, ಅಡಕೆ ಚೂರುಗಳು ಬಾಂಬು. ಒಂದು ಎಲೆಸಂಚಿಯಲ್ಲಿ ಎರಡು ದೇಶಗಳ ವಾಯುಪಡೆ ಹಿಡಿಯುತ್ತಿತ್ತು. ವಾದ ಮುಗಿದ ಮೇಲೆ ಎರಡೂ ಪಡೆಗಳನ್ನು ಹಂಚಿಕೊಂಡು ಜಗಿಯುತ್ತಿದ್ದೆವು.

ಆಗ ನಾನು ಅಲ್ಲಿಯ ಮಾಮಲೇದಾರ ಕಚೇರಿಯಲ್ಲಿ ಹಂಗಾಮಿ ಕಾರಕೂನ. ಐವತ್ತಾರರಲ್ಲಿ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಮೈಸೂರಿನ ಕಡೆಯಿಂದ ಹೊಸ ಸಾಹೇಬರುಗಳು ಬರತೊಡಗಿದ್ದರು, ತಹಶೀಲ್ದಾರ, ಗುಮಾಸ್ತ ಎನ್ನುತ್ತಿದ್ದರು, ಆದರೆ ನಮ್ಮ ಬಾಯಲ್ಲಿ ಮಾಮಲೇದಾರ ಮಾಮಲೇದಾರನೇ, ಕಾರಕೂನ ಕಾರಕೂನನೇ. ಹುಬ್ಬಳ್ಳಿಯ ಪತ್ರಿಕೆ ಯಲ್ಲಾಪುರಕ್ಕೆ ಬೆಳಿಗ್ಗೆ ಮುಟ್ಟುತ್ತಿತ್ತು, ಸಿರಸಿಗೆ ಮಧ್ಯಾಹ್ನ, ನಮಗೆ ಸಂಜೆಯ ಬಸ್ಸಿಗೆ. ಯಾವುದೋ ದೇಶದ ವಿಮಾನ ಬಿದ್ದ ಸುದ್ದಿಯನ್ನು ಯಲ್ಲಾಪುರದವರು ಓದಿ, ಉಂಡು, ಮಲಗಿ ಎದ್ದ ಮೇಲೂ ನಮ್ಮಲ್ಲಿ ಅದು ಹಾರುತ್ತಲೇ ಇರುತ್ತಿತ್ತು.

ನಾವು ಯಾರೂ ವಿಮಾನವನ್ನು ಹತ್ತಿರದಿಂದ ಕಂಡವರಲ್ಲ. ಗೋವಾ ಬಿಡುಗಡೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಆಕಾಶದಲ್ಲಿ ದೊಡ್ಡ ಸದ್ದಾಯಿತು. ಕಚೇರಿ, ಶಾಲೆ, ಅಂಗಡಿ ಬಿಟ್ಟು ಎಲ್ಲರೂ ಬಯಲಿಗೆ ಓಡಿದೆವು. ಅಷ್ಟರಲ್ಲಿ ಸದ್ದೂ ಇಲ್ಲ, ವಿಮಾನವೂ ಇಲ್ಲ. ಅದು ಹಂಟರೋ ಕ್ಯಾನ್‌ಬೆರಾವೋ ಎಂದು ಹದಿನೈದು ದಿನ ವಾದ ನಡೆಯಿತು. ಕಣ್ಣಾರೆ ಕಂಡದ್ದು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ ಮಾತ್ರ. ಮಾಸ್ತರರು ಆ ಅಜ್ಜಿಯನ್ನು ವಾಚನಾಲಯಕ್ಕೆ ಕರೆಸಿ, ಹಂಟರಿಗೆ ಕತ್ತರಿ, ಕ್ಯಾನ್‌ಬೆರಾದ ಅಗಲ ರೆಕ್ಕೆಗೆ ಎಲೆ ಎಂದು ಎರಡನ್ನೂ ಮುಂದಿಟ್ಟು, ಯಾವುದರ ಹಾಗಿತ್ತು ಎಂದು ಕೇಳಿದರು. “ಬೆಳ್ಳಗಿತ್ತು” ಎಂದ ಅಜ್ಜಿ, ಮುಂದಿದ್ದ ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋಯಿತು. ಆ ವಾದ ಇವತ್ತಿಗೂ ಇತ್ಯರ್ಥವಾಗಿಲ್ಲ.

ಗಣಪಯ್ಯ ಮಾಸ್ತರರು ತ್ಯಾಗಲಿ ಕಡೆಯವರು, ಪೇಟೆಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ. ನನಗಿಂತ ಹದಿನೈದು ವರ್ಷ ಹಿರಿಯರು. ಅವರ ನಿಜವಾದ ಕೀರ್ತಿ ಇದ್ದದ್ದು ತಾಳಮದ್ದಲೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ್ಯ ಹಾಡುತ್ತಾರೆ, ಚಾಪೆಯ ಮೇಲೆ ಎದುರುಬದುರು ಕೂತ ಇಬ್ಬರು ತಮ್ಮ ತಮ್ಮ ಪಾತ್ರವಾಗಿ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಮಾಸ್ತರರಿಗೆ ಯಾವಾಗಲೂ ಕೊನೆಗೆ ಸೋಲುವ ರಾಜನ ಪಾತ್ರವೇ ಬರುತ್ತಿತ್ತು. ಕಥೆಯ ಪ್ರಕಾರ ಸೋಲಬೇಕು, ಆದರೆ ಅಲ್ಲಿಯವರೆಗೆ ಅವರನ್ನು ಸೋಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಎದುರಿಗೆ ದೇವರ ಪಾತ್ರ ಮಾಡಿದವರು ಬೆವರು ಒರೆಸಿಕೊಳ್ಳುತ್ತ ಭಾಗವತರ ಮುಖ ನೋಡುವುದನ್ನು ನಾನೇ ಕಂಡಿದ್ದೇನೆ.

“ಎದುರಿಗೆ ಕೂತವಂಗೆ ಮರ್ಯಾದೆ ಕೊಡವು ಅಂದ್ರೆ ಪೂರ್ತಿ ಬಲ ಹಾಕಿ ವಾದ ಮಾಡವು, ಮಾಡ್ಲೇಬೇಕು. ಬೇಕು ಹೇಳಿ ಸೋತ್ರೆ ಅವಂಗೆ ಅವಮಾನ ಮಾಡಿದಾಂಗೆ” ಎನ್ನುತ್ತಿದ್ದರು.

ಇದು ಅವರೊಬ್ಬರ ಹುಚ್ಚಲ್ಲ, ನಮ್ಮ ಕಡೆಯ ಗಾಳಿಯಲ್ಲೇ ಇತ್ತು. ಚಿಕ್ಕಂದಿನಲ್ಲಿ ನಾನು, “ಅಣ್ಣ ಯನ್ನ ಪಾಲಿನ ಚಕ್ಕುಲಿ ತಿಂದ” ಎಂದು ಅಳುತ್ತ ಹೋದರೆ ಅಜ್ಜಿ ಕಣ್ಣೊರೆಸಿ, “ಆತು, ಈಗ ಅವನ ಪಕ್ಷದಿಂದ ಹೇಳು ನೋಡನ” ಎನ್ನುತ್ತಿದ್ದಳು. ಅಣ್ಣನ ಹಸಿವು, ಚಕ್ಕುಲಿಯ ವಾಸನೆ, ಡಬ್ಬಿಯ ಮುಚ್ಚಳ ಸಡಿಲವಿದ್ದದ್ದು ಎಲ್ಲವನ್ನೂ ನಾನೇ ವರ್ಣಿಸಿ ಮುಗಿಸುವಾಗ ಅಣ್ಣನ ಮೇಲೆ ಕನಿಕರ ಬಂದಿರುತ್ತಿತ್ತು. ಚಕ್ಕುಲಿ ಮಾತ್ರ ವಾಪಸು ಬರುತ್ತಿರಲಿಲ್ಲ.

ವಾಚನಾಲಯದಲ್ಲೂ ಇದೇ ಕ್ರಮ. ಶನಿವಾರ ಸಂಜೆ ಪತ್ರಿಕೆ ಓದಿದ ಮೇಲೆ ಅಂದಿನ ವಿಷಯಕ್ಕೆ ಎರಡು ಚೀಟಿ ಬರೆಯುವುದು. ಕಾರಕೂನನಾದ್ದರಿಂದ ಅಕ್ಷರ ನನ್ನದು. ಯಾರಿಗೆ ಯಾವ ಪಕ್ಷ ಬರುತ್ತದೋ ಅದನ್ನು ಅವರು ತಮ್ಮದೇ ಎಂದು ವಹಿಸಬೇಕು. “ನಮ್ಮ” ಎನ್ನಬೇಕು, “ಅವರ” ಎನ್ನುವಂತಿಲ್ಲ. ಸ್ವಂತ ಅಭಿಪ್ರಾಯ ಇದ್ದವರು ಅದನ್ನು ಚಪ್ಪಲಿಯ ಹತ್ತಿರ ಬಿಟ್ಟು ಬರಬೇಕು ಎಂಬುದು ಮಾಸ್ತರರ ಕಟ್ಟಳೆ.

ಅರವತ್ತೆರಡರ ಬೇಸಿಗೆಯಲ್ಲಿ ದಿಲ್ಲಿಯವರು ರಷ್ಯಾದ ಮಿಗ್ ಕೊಳ್ಳಬೇಕೋ ಇಂಗ್ಲೆಂಡಿನ ವಿಮಾನ ಕೊಳ್ಳಬೇಕೋ ಎಂದು ಯೋಚಿಸುತ್ತಿದ್ದರು. ನಾವೂ ಯೋಚಿಸಿದೆವು. ನಮ್ಮಲ್ಲಿ ಚೀಟಿ ಎತ್ತದೆಯೇ ಪಕ್ಷ ಹಿಡಿದವರೆಂದರೆ ಅಕ್ಕಿ ಗಿರಣಿಯ ಬಸಣ್ಣ. ಬನವಾಸಿ ಕಡೆಯಿಂದ ಬಂದು ನೆಲೆಸಿದವರು, ದೊಡ್ಡ ದನಿ, ದೊಡ್ಡ ಮನಸ್ಸು. ಅವರ ಗಿರಣಿಯ ಇಂಗ್ಲಿಷ್ ಇಂಜಿನ್ ಒಂದು ವಾಲ್ವಿಗಾಗಿ ಕಾಯುತ್ತ ಕೂತಿತ್ತು.

“ಇಂಗ್ಲೆಂಡದ್ದು ಬ್ಯಾಡೇ ಬ್ಯಾಡ್ರಿ ಮಾಸ್ತರ. ಎಂಟು ತಿಂಗಳಾತು, ವಾಲ್ವು ಹಡಗಿನ್ಯಾಗ ಬರಾಕತ್ತೈತಂತ. ಯುದ್ಧದಾಗ ವಿಮಾನಕ್ಕ ಹಿಂಗಾದ್ರ ವೈರಿ ಕಾಯ್ತಾನೇನ್ರಿ?”

ಅಂದು ಇಂಗ್ಲೆಂಡಿನ ಚೀಟಿ ಬಂದಿದ್ದ ಮಾಸ್ತರರು ಸಮಾಧಾನದಿಂದ ಕೇಳಿದರು: “ಬಸಣ್ಣ, ರಷ್ಯಾದಿಂದ ಯಾವತ್ತಾದ್ರೂ ಒಂದು ಮೊಳೆ ತರಿಸಿದ್ರಾ?”

“ಇಲ್ರಿ.”

“ಮತ್ತೆ ಅವರು ಬೇಗ ಕಳಿಸ್ತಾರೆ ಅಂತ ಹೆಂಗೆ ಹೇಳ್ತ್ರಿ? ನಮ್ಮ ಇಂಗ್ಲೆಂಡಿನ ವಾಲ್ವು ಹಡಗಾದ್ರೂ ಹತ್ತಿದ್ದು.”

“ರಷ್ಯಾದವರು ನಕ್ಷಾನೂ ಕೊಡ್ತಾರಂತ, ಕಾರ್ಖಾನೀನೂ ಹಾಕಿಕೊಡ್ತಾರಂತ. ನಮಗ ಬೇಕಾದ್ದು ನಾವ ಮಾಡ್ಕೋಬಹುದು.”

“ನಕ್ಷೆ ಕೊಟ್ರೆ ನಿಮ್ಮ ಮಿಸ್ತ್ರಿ ವಾಲ್ವು ಮಾಡ್ತನಾ?”

ಬಸಣ್ಣನಿಗೆ ಇದು ಸವಾಲಾಗಿ ನಾಟಿತು. ಮಿಸ್ತ್ರಿ ಹಳೆಯ ವಾಲ್ವನ್ನೇ ನಕ್ಷೆಯೆಂದು ಮುಂದಿಟ್ಟುಕೊಂಡು, ನಾಲ್ಕು ದಿನ ಅರ ಹಾಕಿ ಉಜ್ಜಿ ಹೊಸದೊಂದನ್ನು ಮಾಡಿದ. ಇಂಜಿನ್ ಶುರುವಾಯಿತು. ಊರೆಲ್ಲ ಗಿರಣಿಗೆ ಹೋಗಿ ಕೈಮುಗಿದು ಬಂತು. ಮೂರು ದಿನ ಓಡಿದ ಇಂಜಿನ್ ನಾಲ್ಕನೆಯ ದಿನ ಕಿರುಚಿ ನಿಂತಿತು. ಮುಂದಿನ ಶನಿವಾರ ಬಸಣ್ಣ, ಮೂರು ದಿನ ಓಡಿದ್ದನ್ನು ಹಿಡಿದು ನಾವೇ ಮಾಡಬಲ್ಲೆವು ಎಂದು ವಾದಿಸಿದರು. ಮಾಸ್ತರರು ನಾಲ್ಕನೆಯ ದಿನವನ್ನು ಹಿಡಿದುಕೊಂಡರು. ರಕ್ಷಣೆಯ ಸಾಮಾನನ್ನು ಕೊಳ್ಳಬೇಕೋ ಕಟ್ಟಬೇಕೋ ಎಂಬ ಬಗ್ಗೆ ಆಮೇಲೆ ಎಷ್ಟೋ ದೊಡ್ಡವರ ಲೇಖನ ಓದಿದ್ದೇನೆ. ಆ ವಾಲ್ವಿನಾಚೆಗೆ ಯಾರೂ ಹೆಚ್ಚು ದೂರ ಹೋದಂತೆ ನನಗೆ ಕಂಡಿಲ್ಲ.

ದಿಲ್ಲಿ ಮಿಗ್ ಕಡೆಗೇ ವಾಲಿತು. ತನ್ನನ್ನು ಕೇಳಿಯೇ ತೀರ್ಮಾನ ಮಾಡಿದರೆಂಬಂತೆ ಬಸಣ್ಣ ಒಂದು ವಾರ ಎದೆಯುಬ್ಬಿಸಿ ತಿರುಗಿದರು. ಅದೇ ವರ್ಷ ಚೀನಾದ ಯುದ್ಧ ಬಂತು. ಆ ದಿನಗಳಲ್ಲಿ ಚೀಟಿ ಬರೆಯಲಿಲ್ಲ, ರೇಡಿಯೋದ ಮುಂದೆ ಸುಮ್ಮನೆ ಕೂತಿರುತ್ತಿದ್ದೆವು.

ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾದಾಗಲೂ ಹಾಗೆಯೇ ಸುಮ್ಮನಿದ್ದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಸಲ ನಮ್ಮ ಪುಟ್ಟ ನ್ಯಾಟ್ ವಿಮಾನ ಅವರ ಸೇಬರನ್ನು ಹೊಡೆದುರುಳಿಸಿದ ಸುದ್ದಿ ಬಂದಿತ್ತು. ಊರಿಗೆ ಊರೇ ಉಬ್ಬಿತ್ತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ, ಗೂಢಚಾರರ ಮೇಲೆ ಕಣ್ಣಿಡಿ ಎಂಬ ಹುಕುಂ ಬಂದಿತ್ತು. ಇದ್ದದ್ದೇ ಹತ್ತಿಪ್ಪತ್ತು ಮಿಣುಕು ದೀಪ, ಆದರೂ ಹುರುಪಿನಿಂದ ಅಂಟಿಸಿದೆವು. ಶನಿವಾರ ವಾಚನಾಲಯ ತುಂಬಿತು. ನ್ಯಾಟ್ ಮೇಲೋ ಸೇಬರ್ ಮೇಲೋ ವಾದವಾಗಲಿ ಎಂದು ಬಸಣ್ಣ ಕೂಗಿದರು. ನಾನು ಚೀಟಿ ಬರೆದೆ. ಒಂದನ್ನು ಮಾಸ್ತರರು ಎತ್ತಿದರು, ಇನ್ನೊಂದನ್ನು ನಾನು.

ನನ್ನದರಲ್ಲಿ ಸೇಬರ್ ಎಂದಿತ್ತು.

ನನ್ನ ಆಗಿನ ಸ್ಥಿತಿ ಹೇಳುತ್ತೇನೆ. ಹೆಂಡತಿ ನಾಲ್ಕು ತಿಂಗಳ ಬಸುರಿ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಕಾಗದಪತ್ರ ಆಗಷ್ಟೇ ಮೇಲಕ್ಕೆ ಹೋಗಿತ್ತು. ಸರ್ಕಾರಿ ಕಾರಕೂನನಾಗಿ, ಯುದ್ಧದ ನಡುವೆ, ತುಂಬಿದ ಕೋಣೆಯಲ್ಲಿ “ನಮ್ಮ ಸೇಬರ್” ಎಂದು ಬಾಯಿ ಬಿಡಲು ನನಗೆ ಧೈರ್ಯವಾಗಲಿಲ್ಲ. ಬೆಂಚಿನ ಕೆಳಗೆ ಚೀಟಿಯನ್ನು ಮಾಸ್ತರರ ಕೈಗೆ ತುರುಕಿ, “ಮಾಸ್ತರೇ, ಇದು ಯನ್ನಿಂದ ಆಗ್ತಿಲ್ಲೆ, ನಿಂಗ ತಗಳಿ” ಎಂದು ಪಿಸುಗುಟ್ಟಿದೆ. ಅವರು ನನ್ನ ಮುಖ ನೋಡಿದರು. ಏನೂ ಕೇಳದೆ ತಮ್ಮ ಚೀಟಿಯನ್ನು ನನಗೆ ಕೊಟ್ಟರು. ಯಾರೂ ಗಮನಿಸಲಿಲ್ಲ.

ಅಂದಿನ ಮಾತುಗಾರಿಕೆ ಎಂಥದ್ದು! “ನಿಮ್ಮ ನ್ಯಾಟಿಗೆ ತೋಪು ಎರಡು, ನಮ್ಮ ಸೇಬರಿಗೆ ಬಂದೂಕು ಆರು. ನಿಮ್ಮದು ಹಾರಿ ತಿರುಗುವಷ್ಟರಲ್ಲಿ ಎಣ್ಣೆ ಮುಗಿದು ಮನೆ ನೆನಪಾಗ್ತು. ಬಿಸಿ ಹುಡುಕಿ ಬೆನ್ನಟ್ಟುವ ಬಾಣ ನಮ್ಮತ್ರ ಇದ್ದು, ನಿಮ್ಮತ್ರ ಎಂತ ಇದ್ದು? ನಿಮ್ಮ ವಿಮಾನ ನಮ್ಮ ಸೇಬರಿನೆದುರು ಐದು ನಿಮಿಷ ನಿಲ್ಲ!” ನಾನು, ನ್ಯಾಟ್ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ, ಗಕ್ಕನೆ ತಿರುಗುತ್ತದೆ ಎಂದು ಮೂರು ಮಾತು ಹೇಳಿ ತಡವರಿಸಿದೆ. ಗೆದ್ದ ವಿಮಾನದ ಪಕ್ಷ ಹಿಡಿದು ಸೋತವನು ನಾನೊಬ್ಬನೇ ಇರಬೇಕು. ಜನ ಚಪ್ಪಾಳೆ ಹೊಡೆದು ನಕ್ಕು ಎದ್ದರು.

ಕಿಟಕಿಗೆ ಕಪ್ಪು ಕಾಗದ ಅಂಟಿಸಿತ್ತಲ್ಲ, ಹೊರಗೆ ನಿಂತವರು ನಮಗೆ ಕಾಣಲಿಲ್ಲ. ಹಾವೇರಿ ಕಡೆಯಿಂದ ವರ್ಗವಾಗಿ ಬಂದು ಎಂಟು ದಿನವಾಗಿದ್ದ ಪೊಲೀಸರೊಬ್ಬರು ಅಲ್ಲಿದ್ದರು. ತಾಳಮದ್ದಲೆ ಎಂಬ ಹೆಸರನ್ನೂ ಅವರು ಕೇಳಿರಲಿಲ್ಲ.

ವಾರ ಕಳೆಯುವುದರೊಳಗೆ ಮಾಸ್ತರರಿಗೆ ಶಾಲೆಗೆ ಬರಬೇಡಿ ಎಂಬ ಆಜ್ಞೆ ಬಂತು. ಸಿರಸಿಯಲ್ಲಿ ಇಲಾಖೆಯ ಸಾಹೇಬರ ಮುಂದೆ ವಿಚಾರಣೆ. ತಪ್ಪು ರುಜುವಾತಾದರೆ ನೌಕರಿ ಹೋಗುವುದೇ. ಅವರ ಮಗಳು ಆ ವರ್ಷ ಮ್ಯಾಟ್ರಿಕ್‌ನಲ್ಲಿದ್ದಳು. ಚೀಟಿ ಬರೆದವನೆಂದು ನನ್ನನ್ನು ಸಾಕ್ಷಿಗೆ ಕರೆದಿದ್ದರು. ಬಸ್ಸಿನಲ್ಲಿ ಮಾಸ್ತರರ ಪಕ್ಕದಲ್ಲೇ ಕೂತು ಹೋದೆ. ಚೀಟಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪೊಲೀಸರು ಮೊದಲು ಹೇಳಿದರು: “ಸಾಹೇಬ್ರ, ನನ್ನ ಕಿವಿಯಾರ ಕೇಳೀನ್ರಿ. ‘ನಮ್ಮ ಸೇಬರ್’ ಅಂದ್ರು. ಒಮ್ಮೆ ಅಲ್ರಿ, ಹತ್ತು ಸಲ ಅಂದ್ರು. ಅಲ್ಲಿದ್ದ ಮಂದಿ ಚಪ್ಪಾಳಿ ಹೊಡದ್ರು.”

ಸಾಹೇಬರು ಮೈಸೂರಿನ ಕಡೆಯವರು, ಕೆಟ್ಟವರೇನಲ್ಲ. “ಏನ್ ಮೇಷ್ಟ್ರೇ, ಇದು ನಿಜಾನಾ?”

“ನಿಜ” ಎಂದರು ಮಾಸ್ತರರು. ಆಮೇಲೆ ಶುರು ಮಾಡಿದರು. “ಪೊಲೀಸರ ಪಕ್ಷದಿಂದ ನೋಡಿ ಸಾಹೇಬರೇ. ಊರಿಗೆ ಹೊಸಬರು. ಕಣ್ಣಿಟ್ಟಿರಿ ಅಂತ ಮೇಲಿನವರ ಅಪ್ಪಣೆ. ಕಿಟಕಿ ಮುಚ್ಚಿದ ಕೋಣೆಯ ಒಳಗಿಂದ ಶತ್ರುವಿನ ವಿಮಾನವನ್ನು ನಮ್ಮದು ಅನ್ನೋ ಮಾತು ಕೇಳ್ತು, ಅದರ ಮೇಲೆ ಚಪ್ಪಾಳೆ ಬೇರೆ. ಅವರು ಸುಮ್ಮನೆ ಹೋಗಿದ್ರೆ ತಿಂದ ಅನ್ನಕ್ಕೆ ದ್ರೋಹ ಆಗ್ತಿತ್ತು. ಆ ಜಾಗದಲ್ಲಿ ನಾನಿದ್ರೂ ಬರ್ಕೊಳ್ತಿದ್ದೆ.” ಹೀಗೆ ಹತ್ತು ನಿಮಿಷ. ಪೊಲೀಸರು ತಮ್ಮ ಮೇಲೆ ತಮಗೇ ಅಭಿಮಾನ ಬಂದು ನೆಟ್ಟಗೆ ನಿಂತರು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಷ್ಟ್ರೇ, ನಿಮ್ಮ ಪರವಾಗಿ ಏನಾದ್ರೂ ಹೇಳಿ.”

ಮಾಸ್ತರರು ಬಾಯಿ ತೆರೆದರು. ಇಡೀ ಸೀಮೆಯನ್ನು ಮಾತಿನಲ್ಲಿ ಕಟ್ಟಿಹಾಕುತ್ತಿದ್ದ ಅವರು ಕೈ ಕೈ ಹೊಸೆಯುತ್ತ ನಿಂತರು. “ಅಭ್ಯಾಸ ಇಲ್ಲ ಸಾಹೇಬರೇ” ಎಂದರು ಕೊನೆಗೆ.

ಸಾಹೇಬರು ನನ್ನ ಕಡೆ ತಿರುಗಿದರು. “ನೀವು ಹೇಳಿ. ಚೀಟೀಲಿ ಬಂದಿದ್ದಾದ್ರೆ ಇದು ಆಟ, ಇಲ್ಲಿಗೇ ಮುಗಿಸ್ತೀನಿ. ಇವರಾಗಿ ಆರಿಸಿಕೊಂಡಿದ್ದಾದ್ರೆ ಬೇರೆ ಮಾತು. ಸೇಬರ್ ಚೀಟಿ ಇವರಿಗೇ ಬಂತಾ?”

ಒಂದು ಮಾತು ಸಾಕಿತ್ತು. ಅದು ನನಗೆ ಬಂದಿತ್ತು, ಹೆದರಿ ನಾನೇ ಬದಲಿಸಿಕೊಂಡೆ ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಮಾಮಲೇದಾರರ ಕಿವಿಗೆ ಮುಟ್ಟುವುದು, ನನ್ನ ಖಾಯಂ ಕಾಗದ ಎಲ್ಲೋ ಧೂಳಿನಲ್ಲಿ ಕೂರುವುದು ಎಲ್ಲ ಕಣ್ಣಮುಂದೆ ಬಂತು. ಹೌದು, ಅವರಿಗೇ ಬಂತು ಎಂದರೆ, ಬದಲಿಸಿದ್ದನ್ನು ಯಾರಾದರೂ ಕಂಡಿದ್ದರೆ ಸುಳ್ಳುಸಾಕ್ಷಿಯ ತಪ್ಪೂ ನನ್ನ ತಲೆಗೆ. “ನೆನಪಿಲ್ಲ ಸಾಹೇಬರೇ” ಎಂದೆ.

ಮಾಸ್ತರರು ನನ್ನತ್ತ ನೋಡಲೂ ಇಲ್ಲ. “ನಾನೇ ತಗೊಂಡದ್ದು” ಎಂದರು.

ಸಾಹೇಬರು ನೌಕರಿ ತೆಗೆಯಲಿಲ್ಲ. ಯಲ್ಲಾಪುರದಾಚೆ ಕಾಡಿನಂಚಿನ ಒಂದು ಏಕೋಪಾಧ್ಯಾಯ ಶಾಲೆಗೆ ವರ್ಗ ಮಾಡಿದರು. ಮಗಳನ್ನು ಸಿರಸಿಯಲ್ಲಿ ಅವಳ ಸೋದರಮಾವನ ಮನೆಯಲ್ಲಿ ಬಿಟ್ಟು, ಹೆಂಡತಿಯನ್ನು ತ್ಯಾಗಲಿಗೆ ಕಳಿಸಿ, ಮಾಸ್ತರರು ಒಂದು ಟ್ರಂಕು ಹೊತ್ತುಕೊಂಡು ಹೋದರು. ವಾಚನಾಲಯದ ಶನಿವಾರಗಳು ನಿಂತವು. ಬಸಣ್ಣ ಮಾತ್ರ ಬಂದು, ಪತ್ರಿಕೆ ತಿರುವಿ, “ಯಾರ ಕೂಡ ಜಗಳ ಆಡೂದ್ರಿ ಇನ್ನ” ಎಂದು ಎದ್ದು ಹೋಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

ಮುಂದಿನ ಬೇಸಿಗೆ. ನನಗೆ ಮಗಳು ಹುಟ್ಟಿದ್ದಳು. ಯಲ್ಲಾಪುರ ಕಚೇರಿಗೆ ಕಡತ ಒಯ್ಯುವ ಕೆಲಸ ಬಿದ್ದಾಗ ಅದನ್ನು ಮುಗಿಸಿ, ಅಲ್ಲೇ ತಂಗಿ, ಮರುದಿನ ಬೆಳಿಗ್ಗೆ ಎರಡು ಮೈಲಿ ನಡೆದು ಮಾಸ್ತರರ ಶಾಲೆಗೆ ಹೋದೆ. ಬೆಳಗಿನ ಶಾಲೆ ಇನ್ನೂ ಬಿಟ್ಟಿರಲಿಲ್ಲ. ಒಬ್ಬಳು ಹುಡುಗಿ ಎದ್ದು ನಿಂತು, ಗದ್ದೆಗೆ ನುಗ್ಗುವ ಕಾಡುಹಂದಿಯ ಪರವಾಗಿ ವಾದ ಮಾಡುತ್ತಿದ್ದಳು. “ಕಾಡು ನಮ್ಮದಿತ್ತು, ನೀವು ಕಡಿದು ಗದ್ದೆ ಮಾಡಿದ್ರಿ” ಎಂದು ಹಂದಿಯಾಗಿ ಗದರುತ್ತಿದ್ದಳು. ಮಾಸ್ತರರು ಖುಷಿಯಿಂದ ತಲೆದೂಗುತ್ತಿದ್ದರು.

ಮಕ್ಕಳು ಹೋದ ಮೇಲೆ ಜಗುಲಿಯಲ್ಲಿ ಕೂತೆವು. ಮಗಳ ಸುದ್ದಿ ಕೇಳಿದರು, ಬಸಣ್ಣನ ವಾಲ್ವು ಬಂತೋ ಎಂದು ಕೇಳಿದರು. ನಾನು ತಲೆ ತಗ್ಗಿಸಿ, “ಮಾಸ್ತರೇ, ಆ ದಿನ ಆನು…” ಎಂದೆ.

“ತಡಿ” ಎಂದರು. “ನಿನ್ನ ಪಕ್ಷ ಆನು ವಹಿಸ್ತೆ, ಕೇಳು. ಮನೇಲಿ ಬಸುರಿ ಹೆಂಡತಿ. ನೌಕರಿ ಗಟ್ಟಿ ಇಲ್ಲೆ. ಎದುರಿಗೆ ಸಾಹೇಬ, ಪಕ್ಕಕ್ಕೆ ಪೊಲೀಸ. ಇಪ್ಪತ್ತೇಳು ವರ್ಷದ ಮಾಣಿ. ಅವ ಹೆದರಿದ್ರಲ್ಲಿ ಎಂತ ತಪ್ಪಿದ್ದು? ಹೆದರದೇ ಇದ್ದಿದ್ರೆ ಅದು ಆಶ್ಚರ್ಯ.” ಒಂದೊಂದಾಗಿ ಜೋಡಿಸುತ್ತ ಹೋದರು. ನನ್ನ ತಾಯಿಯೂ ನನ್ನನ್ನು ಇಷ್ಟು ಸಮರ್ಥಿಸಿಕೊಂಡಿರಲಿಲ್ಲ. ಕೇಳುತ್ತ ಕೇಳುತ್ತ, ಹೌದಲ್ಲ, ನಾನು ಪಾಪದವನೇ ಎಂದು ನನಗೇ ಅನ್ನಿಸಿಬಿಟ್ಟಿತು. ಆಗ ಅವರು ನಿಲ್ಲಿಸಿದರು.

“ಈಗ ನೀನು ಎದುರು ಪಕ್ಷ ವಹಿಸು ನೋಡನ.”

ಹೊರಗೆ ಯಾರೋ ಸೌದೆ ಒಡೆಯುತ್ತಿದ್ದರು.

“ಚೀಟಿ ಯನ್ನದಾಗಿತ್ತು. ಯಂಗೆ ನೆನಪಿತ್ತು” ಎಂದೆ.

ಮಾಸ್ತರರು ತಾಳಮದ್ದಲೆಯಲ್ಲಿ ಎದುರಾಳಿಯ ಮಾತಿಗೆ ಕಾಯುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಕಾದರು. “ಇನ್ನೆಂತ ಇದ್ದು?”

“ಇನ್ನೆಂತೂ ಇಲ್ಲೆ.”

ಅವರು ನಿಜಕ್ಕೂ ಉತ್ತರ ಹುಡುಕುತ್ತಿದ್ದರು, ನನಗೆ ಅದು ಕಾಣುತ್ತಿತ್ತು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, “ಇದಕ್ಕೆ ಯನ್ನತ್ರ ಉತ್ತರ ಇಲ್ಲೆ ತಮಾ. ಆನು ಸೋತೆ” ಎಂದರು.

ವಾಪಸು ಬರುವಾಗ ಸಿದ್ದಾಪುರದವರೆಗೆ ಬಸ್ಸಿನ ಟಿಕೆಟು ತೆಗೆಸಿದ್ದವನು ಸಿರಸಿಯಲ್ಲೇ ಇಳಿದೆ. ಆ ಸಾಹೇಬರ ಕಚೇರಿಗೆ ಹೋಗಿ, ನಡೆದದ್ದನ್ನು ನಡೆದ ಹಾಗೆ ನನ್ನ ಕೈಯಾರೆ ಬರೆದು, ಸಹಿ ಹಾಕಿ ಕೊಟ್ಟೆ. ಮಳೆಗಾಲದ ಶಾಲೆ ಶುರುವಾಗುವಾಗ ಮಾಸ್ತರರು ಸಿದ್ದಾಪುರಕ್ಕೆ ವಾಪಸು ಬಂದರು. ನನ್ನ ನೌಕರಿ ಖಾಯಂ ಆಗುವುದು ಎರಡು ವರ್ಷ ತಡವಾಯಿತು. ಮೊದಲನೆಯದು ನನ್ನ ಕಾಗದದಿಂದಲೇ ಆಯಿತೋ ಹೇಳಲಾರೆ. ಎರಡನೆಯದು ಮಾತ್ರ ಖಂಡಿತ ಅದರಿಂದಲೇ.